ಲಾಡಿಹುಳುಗಳು ಮತ್ತು ಅವುಗಳಿಂದ ಉಂಟಾಗುವ ಕೋಶರೋಗಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕುರಿ ಅಥವಾ ಮೇಕೆಯನ್ನು ಕೊಯ್ದಾಗ ಅದರ ಪಿತ್ತಜನಕಾಂಗದಲ್ಲಿ ಇಲ್ಲವೇ ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿಯ ಗುಳ್ಳೆಗಳು ಕಂಡುಬರುವುದುಂಟು. ಅಂತಹ ಭಾಗವು ತಿನ್ನಲು ಯೋಗ್ಯವಲ್ಲವೆಂದು ಕತ್ತರಿಸಿ, ಹತ್ತಿರ ಕಾದು ನಿಂತ ನಾಯಿಗೆ ಎಸೆಯುವ ರೂಢಿಯು ಹಳ್ಳಿಗಳಲ್ಲಿಯೂ ಪಟ್ಟಣಗಳ ಮಾಂಸದಂಗಡಿಗಳ ಸುತ್ತಮುತ್ತಲೂ ಇದೆ. ಎಸೆದವರ ದೃಷ್ಟಿಯಲ್ಲಿ ಅಲ್ಲಿಗೆ ಆ ವಿಷಯ ಮುಗಿಯಿತು. ವಾಸ್ತವವಾಗಿ ಒಂದು ರೋಗದ ಮುಂದಿನ ಸುತ್ತು ಅಲ್ಲಿಂದಲೇ ಪ್ರಾರಂಭವಾಗುತ್ತದೆ. ಆ ಗುಳ್ಳೆಯು ಲಾಡಿಹುಳುವಿನ ಮರಿ ಅವಸ್ಥೆ. ನಾಯಿಯ ಕರುಳು ಅದು ಬೆಳೆದು ಹುಳುವಾಗುವ ಸ್ಥಳ. ನಾಯಿಯ ಮಲದ ಮೂಲಕ ಹೊರಬೀಳುವ ಮೊಟ್ಟೆಗಳು ಮತ್ತೆ ಕುರಿಯನ್ನು, ಕೆಲವೊಮ್ಮೆ ಮನೆಯ ಮಗುವನ್ನು ಸೇರುತ್ತವೆ.

ಲಾಡಿಹುಳುಗಳಿಂದ ಉಂಟಾಗುವ ಕೋಶರೋಗಗಳು ಪ್ರಾಣಿಗಳಿಂದ ಮನುಷ್ಯರಿಗೆ ಮತ್ತು ಮನುಷ್ಯರಿಂದ ಪ್ರಾಣಿಗಳಿಗೆ ಹರಡುವ ಪ್ರಾಣಿಜನ್ಯ ರೋಗಗಳ ಗುಂಪಿಗೆ ಸೇರಿವೆ. ಇವುಗಳಲ್ಲಿ ಮುಖ್ಯವಾದ ಹೈಡಾಟಿಡ್ ರೋಗ ಹಾಗೂ ಹಂದಿಯ ಲಾಡಿಹುಳುವಿನ ಕೋಶರೋಗ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯು ಉಪೇಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಪಶುಪಾಲಕರು, ಕುರಿಗಾಹಿಗಳು, ಮಾಂಸ ಮಾರಾಟಗಾರರು, ನಾಯಿ ಸಾಕುವವರು ಮತ್ತು ಗೃಹಿಣಿಯರು ಈ ರೋಗಗಳ ಬಗ್ಗೆ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಲಾಡಿಹುಳು ಎಂದರೇನು?

ಲಾಡಿಹುಳುಗಳು ಬೆನ್ನೆಲುಬುಳ್ಳ ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಚಪ್ಪಟೆ ಆಕಾರದ ಪರೋಪಜೀವಿಗಳು. ಲಾಡಿಯಂತೆ ಉದ್ದವಾಗಿ, ತೆಳ್ಳಗೆ ಇರುವುದರಿಂದ ಈ ಹೆಸರು ಬಂದಿದೆ. ಹುಳುವಿನ ತಲೆಯು ಗುಂಡುಸೂಜಿಯ ತುದಿಯಷ್ಟು ಚಿಕ್ಕದು. ತಲೆಯ ಮೇಲಿರುವ ಹೀರುಬಟ್ಟಲುಗಳ ಮತ್ತು ಕೆಲವು ಜಾತಿಗಳಲ್ಲಿರುವ ಕೊಕ್ಕೆಗಳ ನೆರವಿನಿಂದ ಅದು ಕರುಳಿನ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ತಲೆಯ ಹಿಂದೆ ಒಂದರ ನಂತರ ಒಂದರಂತೆ ಖಂಡಗಳು ಬೆಳೆಯುತ್ತವೆ. ಈ ಹುಳುವಿಗೆ ಬಾಯಿಯಾಗಲಿ ಜೀರ್ಣನಾಳವಾಗಲಿ ಇಲ್ಲ. ಆತಿಥೇಯ ಪ್ರಾಣಿಯು ಜೀರ್ಣಿಸಿಕೊಂಡ ಆಹಾರವನ್ನು ತನ್ನ ಮೈಯ ಮೂಲಕವೇ ಹೀರಿಕೊಳ್ಳುತ್ತದೆ. ಪ್ರತಿಯೊಂದು ಬಲಿತ ಖಂಡದಲ್ಲಿಯೂ ಗಂಡು ಮತ್ತು ಹೆಣ್ಣು ಅಂಗಗಳೆರಡೂ ಇರುತ್ತವೆ. ಮೊಟ್ಟೆಗಳಿಂದ ತುಂಬಿದ ಕೊನೆಯ ಖಂಡಗಳು ಕಳಚಿಕೊಂಡು ಮಲದೊಡನೆ ಹೊರಬರುತ್ತವೆ.

ಗಾತ್ರದಲ್ಲಿ ಲಾಡಿಹುಳುಗಳು ಪರಸ್ಪರ ಬಹಳ ಭಿನ್ನವಾಗಿವೆ. ಮನುಷ್ಯನ ಕರುಳಿನಲ್ಲಿ ಬೆಳೆಯುವ ಹಂದಿಯ ಲಾಡಿಹುಳು ಸಾಮಾನ್ಯವಾಗಿ 2ರಿಂದ 7 ಮೀಟರ್ ಉದ್ದವಿದ್ದರೆ, ಹೈಡಾಟಿಡ್ ರೋಗಕ್ಕೆ ಕಾರಣವಾದ ನಾಯಿಯ ಲಾಡಿಹುಳು ಕೇವಲ 2ರಿಂದ 7 ಮಿಲಿಮೀಟರ್ ಇರುತ್ತದೆ. ಹುಳುವಿನ ಗಾತ್ರಕ್ಕೂ ಅದರಿಂದಾಗುವ ಹಾನಿಗೂ ಸಂಬಂಧವಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಹುಳು ಮತ್ತು ಕೋಶ: ಒಂದೇ ಜೀವಿಯ ಎರಡು ಅವಸ್ಥೆಗಳು

ಲಾಡಿಹುಳುವಿನ ಜೀವನಚಕ್ರ ಪೂರ್ಣಗೊಳ್ಳಲು ಸಾಮಾನ್ಯವಾಗಿ ಎರಡು ಪ್ರಾಣಿಗಳು ಬೇಕು. ಬೆಳೆದ ಹುಳುವು ಮಾಂಸ ತಿನ್ನುವ ಪ್ರಾಣಿಯ ಕರುಳಿನಲ್ಲಿರುತ್ತದೆ. ಈ ಪ್ರಾಣಿಯನ್ನು ಅಂತಿಮ ಆತಿಥೇಯ ಎನ್ನುತ್ತಾರೆ. ಅದರ ಮಲದಲ್ಲಿ ಹೊರಬಂದ ಮೊಟ್ಟೆಗಳನ್ನು ಹುಲ್ಲು, ನೀರು ಅಥವಾ ಮಣ್ಣಿನೊಡನೆ ಮತ್ತೊಂದು ಪ್ರಾಣಿ ಸೇವಿಸಿದಾಗ ಮೊಟ್ಟೆಯೊಡೆದು ಹೊರಬಂದ ಮರಿಯು ಕರುಳನ್ನು ಕೊರೆದು ರಕ್ತದ ಮೂಲಕ ಪಿತ್ತಜನಕಾಂಗ, ಶ್ವಾಸಕೋಶ, ಸ್ನಾಯು ಅಥವಾ ಮಿದುಳನ್ನು ಸೇರಿ ನೀರು ತುಂಬಿದ ಕೋಶವಾಗಿ ಬೆಳೆಯುತ್ತದೆ. ಈ ಎರಡನೆಯ ಪ್ರಾಣಿಯೇ ಮಧ್ಯಂತರ ಆತಿಥೇಯ. ಕೋಶವಿರುವ ಅಂಗವನ್ನು ಅಂತಿಮ ಆತಿಥೇಯವು ತಿಂದಾಗ ಅದರ ಕರುಳಿನಲ್ಲಿ ಪುನಃ ಹುಳು ಬೆಳೆಯುತ್ತದೆ.

ಹುಳುವೂ ಕೋಶವೂ ಬೇರೆ ಬೇರೆ ಜೀವಿಗಳೆಂದು ಬಹುಕಾಲ ನಂಬಲಾಗಿತ್ತು. 1853ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಫಾನ್ ಸೀಬೋಲ್ಡ್ ಅವರು ಕುರಿಯ ಹೈಡಾಟಿಡ್ ಕೋಶಗಳನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಕರುಳಿನಲ್ಲಿ ಲಾಡಿಹುಳುಗಳು ಬೆಳೆಯುವುದನ್ನು ತೋರಿಸಿದರು. 1855ರಲ್ಲಿ ಅದೇ ದೇಶದ ವೈದ್ಯ ಫ್ರೆಡ್ರಿಕ್ ಕ್ಯೂಷೆನ್‌ಮೈಸ್ಟರ್ ಅವರು ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನಿಗೆ ಹಂದಿಮಾಂಸದ ಕೋಶಗಳನ್ನು ಆಹಾರದಲ್ಲಿ ಸೇರಿಸಿ ನೀಡಿ, ಮರಣಾನಂತರ ಆತನ ಕರುಳಿನಲ್ಲಿ ಎಳೆಯ ಲಾಡಿಹುಳುಗಳನ್ನು ಕಂಡರು. ಈ ಪ್ರಯೋಗದ ನೈತಿಕತೆಯನ್ನು ಅಂದೇ ಹಲವರು ಖಂಡಿಸಿದರು. ಆದರೆ ಇಂದಿನ ನಿಯಂತ್ರಣ ಕ್ರಮಗಳೆಲ್ಲವೂ ಈ ಒಂದು ತಿಳಿವಳಿಕೆಯನ್ನೇ ಆಧರಿಸಿವೆ: ಕೋಶವು ಹುಳುವನ್ನು ತಲುಪುವ ದಾರಿಯನ್ನಾಗಲಿ, ಮೊಟ್ಟೆಯು ಬಾಯಿಯನ್ನು ತಲುಪುವ ದಾರಿಯನ್ನಾಗಲಿ ಕಡಿದರೆ ರೋಗ ನಿಲ್ಲುತ್ತದೆ.

ಪ್ರಮುಖ ಜಾತಿಗಳು

1. ಎಕೈನೊಕಾಕಸ್ ಗ್ರಾನ್ಯುಲೋಸಸ್: ಹುಳು ನಾಯಿಯಲ್ಲಿ, ಕೋಶ ಕುರಿ, ಮೇಕೆ, ದನ, ಎಮ್ಮೆ, ಹಂದಿ ಹಾಗೂ ಮನುಷ್ಯರಲ್ಲಿ. ರೋಗ: ಹೈಡಾಟಿಡ್ ರೋಗ.

2. ಟೀನಿಯಾ ಸೋಲಿಯಂ ಅಥವಾ ಹಂದಿಯ ಲಾಡಿಹುಳು: ಹುಳು ಮನುಷ್ಯರಲ್ಲಿ; ಕೋಶ ಹಂದಿಯಲ್ಲಿ ಮತ್ತು ಮನುಷ್ಯರಲ್ಲಿಯೂ. ರೋಗ: ಸಿಸ್ಟಿಸರ್ಕೋಸಿಸ್.

3. ಟೀನಿಯಾ ಸ್ಯಾಜಿನೇಟಾ ಅಥವಾ ದನದ ಲಾಡಿಹುಳು: ಹುಳು ಮನುಷ್ಯರಲ್ಲಿ, ಕೋಶ ದನಗಳಲ್ಲಿ. ಈ ಜಾತಿಯು ಮನುಷ್ಯರಲ್ಲಿ ಕೋಶರೋಗವನ್ನು ಉಂಟುಮಾಡುವುದಿಲ್ಲ.

4. ಟೀನಿಯಾ ಮಲ್ಟಿಸೆಪ್ಸ್: ಹುಳು ನಾಯಿಯಲ್ಲಿ, ಕೋಶ ಕುರಿ ಮತ್ತು ಮೇಕೆಗಳ ಮಿದುಳಿನಲ್ಲಿ. ರೋಗ: ಕುರಿಗಳ ಸುತ್ತುರೋಗ. ಮನುಷ್ಯರಲ್ಲಿ ಅತಿ ವಿರಳ.

5. ಟೀನಿಯಾ ಹೈಡಾಟಿಜಿನಾ: ಹುಳು ನಾಯಿಯಲ್ಲಿ, ಕೋಶ ಕುರಿ ಮೇಕೆಗಳ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯ ಮೇಲೆ ನೀರಿನ ಚೀಲದಂತೆ ಜೋತುಬಿದ್ದಿರುತ್ತದೆ. ಮನುಷ್ಯರಿಗೆ ಇದರಿಂದ ತೊಂದರೆ ಇಲ್ಲವಾದರೂ, ಇಂತಹ ಚೀಲ ಕಂಡುಬಂದಲ್ಲಿ ಆ ಪ್ರದೇಶದ ನಾಯಿಗಳು ಹಸಿ ಮಾಂಸದ ತ್ಯಾಜ್ಯವನ್ನು ತಿನ್ನುತ್ತಿವೆ ಎಂದು ತಿಳಿಯಬೇಕು.

ಹೈಡಾಟಿಡ್ ರೋಗ

ಹರಡುವ ವಿಧಾನ: ಕೋಶವಿರುವ ಅಂಗವನ್ನು ತಿಂದ ನಾಯಿಯ ಕರುಳಿನಲ್ಲಿ ಸಾವಿರಾರು ಹುಳುಗಳು ಒಮ್ಮೆಗೇ ಬೆಳೆಯಬಲ್ಲವು. ಸುಮಾರು ಆರೇಳು ವಾರಗಳಲ್ಲಿ ಅವು ಮೊಟ್ಟೆಯಿಡಲು ಪ್ರಾರಂಭಿಸುತ್ತವೆ. ಈ ಮೊಟ್ಟೆಗಳು ಬರಿಗಣ್ಣಿಗೆ ಕಾಣವು. ತಂಪಾದ, ತೇವವುಳ್ಳ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲವು. ಸಾಮಾನ್ಯ ಕ್ರಿಮಿನಾಶಕ ದ್ರಾವಣಗಳಿಗೆ ಸಾಯುವುದಿಲ್ಲ. ಕುದಿಯುವ ನೀರು ಮತ್ತು ಒಣ ಬಿಸಿಲಿಗೆ ಸಾಯುತ್ತವೆ. ನಾಯಿಯು ತನ್ನ ಗುದದ್ವಾರವನ್ನು ನೆಕ್ಕಿ ನಂತರ ಮೈಯನ್ನು ನೆಕ್ಕಿಕೊಳ್ಳುವುದರಿಂದ ಮೊಟ್ಟೆಗಳು ಅದರ ಮೂತಿಗೂ ರೋಮಕ್ಕೂ ಅಂಟಿಕೊಳ್ಳುತ್ತವೆ. ನಾಯಿಯನ್ನು ಮುದ್ದಾಡಿದ ಕೈಯನ್ನು ತೊಳೆಯದೆ ಊಟ ಮಾಡುವುದರಿಂದ, ನಾಯಿಗಳು ಓಡಾಡುವ ತೋಟದ ಸೊಪ್ಪು ತರಕಾರಿಯನ್ನು ಸರಿಯಾಗಿ ತೊಳೆಯದೆ ಹಸಿಯಾಗಿ ತಿನ್ನುವುದರಿಂದ ಹಾಗೂ ಕಲುಷಿತ ನೀರಿನಿಂದ ಮನುಷ್ಯರಿಗೆ ಸೋಂಕು ತಗಲುತ್ತದೆ. ಕುರಿಮಾಂಸ ತಿನ್ನುವುದರಿಂದ ಈ ರೋಗ ಬರುವುದಿಲ್ಲ.

ಪ್ರಾಣಿಗಳಲ್ಲಿ: ಜಾನುವಾರುಗಳಲ್ಲಿ ಹೊರನೋಟಕ್ಕೆ ಯಾವ ಲಕ್ಷಣವೂ ಇಲ್ಲದಿರಬಹುದು. ಕೊಯ್ದಾಗ ಅಥವಾ ಮರಣೋತ್ತರ ಪರೀಕ್ಷೆಯಲ್ಲಿ ಮಾತ್ರ ಕೋಶಗಳು ಕಂಡುಬರುತ್ತವೆ. ರೋಗಪೀಡಿತ ಅಂಗಗಳನ್ನು ನಾಶಪಡಿಸಬೇಕಾಗುವುದರಿಂದ ನಷ್ಟ ಉಂಟಾಗುತ್ತದೆ. ನಾಯಿಯು ಸಹ ಆರೋಗ್ಯವಾಗಿಯೇ ಕಾಣುತ್ತದೆ. ಕೆಲವು ನಾಯಿಗಳ ಗುದದ್ವಾರದ ಸುತ್ತ ಅಕ್ಕಿಕಾಳಿನಂತಹ ಖಂಡಗಳು ಕಾಣುವುದುಂಟು. ಅವು ಬಹುತೇಕ ಚಿಗಟಗಳ ಮೂಲಕ ಹರಡುವ ಬೇರೊಂದು ಲಾಡಿಹುಳುವಿನವು. ಹೈಡಾಟಿಡ್ ಹುಳುವಿನ ಖಂಡಗಳು ಕಣ್ಣಿಗೆ ಬೀಳದಷ್ಟು ಚಿಕ್ಕವು. ಆದುದರಿಂದ ಹುಳು ಕಾಣಿಸುತ್ತಿಲ್ಲವೆಂಬ ಕಾರಣಕ್ಕೆ ನಾಯಿಗೆ ಔಷಧಿ ನೀಡದಿರುವುದು ತಪ್ಪು.

ಮನುಷ್ಯರಲ್ಲಿ: ಕೋಶವು ಅತಿ ಹೆಚ್ಚಾಗಿ ಪಿತ್ತಜನಕಾಂಗದಲ್ಲಿ, ನಂತರ ಶ್ವಾಸಕೋಶದಲ್ಲಿ, ಅಪರೂಪವಾಗಿ ಮಿದುಳು, ಮೂಳೆ, ಮೂತ್ರಪಿಂಡ ಮುಂತಾದ ಅಂಗಗಳಲ್ಲಿ ಬೆಳೆಯುತ್ತದೆ. ಬೆಳವಣಿಗೆ ಬಹಳ ನಿಧಾನ. ಬಾಲ್ಯದಲ್ಲಿ ತಗುಲಿದ ಸೋಂಕು ಮಧ್ಯವಯಸ್ಸಿನಲ್ಲಿ ಗೊತ್ತಾಗಬಹುದು. ಹೊಟ್ಟೆಯ ಬಲಮೇಲ್ಭಾಗದಲ್ಲಿ ಭಾರ ಅಥವಾ ನೋವು, ವಾಕರಿಕೆ, ಕಾಮಾಲೆ, ಶ್ವಾಸಕೋಶದ ಕೋಶವಾಗಿದ್ದಲ್ಲಿ ಕೆಮ್ಮು, ಎದೆನೋವು ಮತ್ತು ಉಸಿರಾಟದ ತೊಂದರೆ ಮುಖ್ಯ ಲಕ್ಷಣಗಳು. ಕೋಶವು ಒಡೆದಲ್ಲಿ ಅದರ ದ್ರವವು ತೀವ್ರ ಅಲರ್ಜಿ ಆಘಾತವನ್ನುಂಟುಮಾಡಿ ಪ್ರಾಣಕ್ಕೆ ಅಪಾಯ ತರಬಹುದು. ದ್ರವದಲ್ಲಿರುವ ಮರಿತಲೆಗಳು ಚೆಲ್ಲಿದೆಡೆಯಲ್ಲೆಲ್ಲ ಹೊಸ ಕೋಶಗಳಾಗಿ ಬೆಳೆಯಲೂಬಹುದು.

ಪತ್ತೆ ಮತ್ತು ಚಿಕಿತ್ಸೆ: ಪಿತ್ತಜನಕಾಂಗದ ಕೋಶಗಳನ್ನು ಅಲ್ಟ್ರಾಸೌಂಡ್ ಪರೀಕ್ಷೆಯಿಂದ, ಶ್ವಾಸಕೋಶದ ಕೋಶಗಳನ್ನು ಎಕ್ಸ್-ರೇ ಮತ್ತು ಸಿ.ಟಿ. ಸ್ಕ್ಯಾನ್‌ಗಳಿಂದ ಗುರುತಿಸಬಹುದು. ರಕ್ತಪರೀಕ್ಷೆಯು ಇದಕ್ಕೆ ಪೂರಕ. ಕೋಶದ ಹಂತ, ಗಾತ್ರ ಮತ್ತು ಸ್ಥಾನವನ್ನು ಅನುಸರಿಸಿ ಆಲ್ಬೆಂಡಜೋಲ್ ಔಷಧಿ, ಸೂಜಿಯ ಮೂಲಕ ದ್ರವ ತೆಗೆದು ಔಷಧಿ ತುಂಬುವ ವಿಧಾನ ಅಥವಾ ಶಸ್ತ್ರಚಿಕಿತ್ಸೆಯನ್ನು ವೈದ್ಯರು ನಿರ್ಧರಿಸುತ್ತಾರೆ. ತಾನಾಗಿಯೇ ಬತ್ತಿ ಸುಣ್ಣಗಟ್ಟಿದ ಕೋಶಗಳಿಗೆ ಕೇವಲ ನಿಗಾ ಸಾಕಾಗಬಹುದು. ಕುರಿ ಸಾಕಣೆ ಅಥವಾ ನಾಯಿಗಳ ಒಡನಾಟವಿರುವ ವ್ಯಕ್ತಿಗೆ ಹೊಟ್ಟೆಯಲ್ಲಿ ಗಡ್ಡೆ ಕಂಡುಬಂದಾಗ ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಹೈಡಾಟಿಡ್ ಎಂದು ಶಂಕಿಸದೆ ಗಡ್ಡೆಗೆ ಸೂಜಿ ಚುಚ್ಚುವುದು ಅಪಾಯಕರ.

ಹಂದಿಯ ಲಾಡಿಹುಳು ಮತ್ತು ಮಿದುಳಿನ ಕೋಶರೋಗ

ಈ ರೋಗದಲ್ಲಿ ಎರಡು ಪ್ರತ್ಯೇಕ ಸೋಂಕುಗಳಿವೆ. ಇವುಗಳ ವ್ಯತ್ಯಾಸವನ್ನು ತಿಳಿಯದಿರುವುದೇ ಹಲವು ತಪ್ಪು ಕಲ್ಪನೆಗಳಿಗೆ ಕಾರಣ.

ಮೊದಲನೆಯದು ಕರುಳಿನ ಸೋಂಕು. ಕೋಶಗಳಿರುವ ಹಂದಿಮಾಂಸವನ್ನು ಅರೆಬೆಂದ ಸ್ಥಿತಿಯಲ್ಲಿ ತಿಂದವರ ಕರುಳಿನಲ್ಲಿ ಸುಮಾರು ಎರಡು ತಿಂಗಳಲ್ಲಿ ಲಾಡಿಹುಳು ಬೆಳೆಯುತ್ತದೆ. ಅಂತಹವರಿಗೆ ಅಲ್ಪಸ್ವಲ್ಪ ಹೊಟ್ಟೆನೋವು ಇರಬಹುದು. ಅನೇಕರಿಗೆ ಏನೂ ತಿಳಿಯುವುದಿಲ್ಲ. ಆದರೆ ಅವರ ಮಲದಲ್ಲಿ ಹುಳುವಿನ ಖಂಡಗಳು ಮತ್ತು ಮೊಟ್ಟೆಗಳು ಹೊರಬೀಳುತ್ತಿರುತ್ತವೆ. ಒಂದೊಂದು ಖಂಡದಲ್ಲಿಯೂ ಸುಮಾರು 50,000 ಮೊಟ್ಟೆಗಳಿರಬಹುದು.

ಎರಡನೆಯದು ಕೋಶಸೋಂಕು. ಈ ಮೊಟ್ಟೆಗಳು ಯಾರ ಹೊಟ್ಟೆಯನ್ನು ಸೇರಿದರೂ ಅವರ ದೇಹದಲ್ಲಿ ಹಂದಿಯಲ್ಲಿ ಆಗುವಂತೆಯೇ ಕೋಶಗಳು ಬೆಳೆಯುತ್ತವೆ. ಬಯಲು ಶೌಚದಿಂದ ಕಲುಷಿತವಾದ ಮಣ್ಣು ಮತ್ತು ನೀರು, ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ಹುಳುವಿರುವ ವ್ಯಕ್ತಿಯು ಶೌಚದ ನಂತರ ಕೈ ತೊಳೆಯದೆ ಸಿದ್ಧಪಡಿಸಿದ ಆಹಾರ ಇದಕ್ಕೆ ಕಾರಣ. ಇಲ್ಲಿ ಹಂದಿಮಾಂಸದ ಪಾತ್ರವೇ ಇಲ್ಲ. ಆದ್ದರಿಂದ ಜೀವಮಾನದಲ್ಲಿ ಮಾಂಸವನ್ನು ಮುಟ್ಟದ ಸಸ್ಯಾಹಾರಿಗಳಿಗೂ ಈ ರೋಗ ಬರುತ್ತದೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಧರ್ಮಾಚರಣೆಯ ಕಾರಣದಿಂದ ಹಂದಿಮಾಂಸವನ್ನು ಸಂಪೂರ್ಣ ವರ್ಜಿಸಿದ ಯಹೂದಿ ಕುಟುಂಬಗಳಲ್ಲಿ ಮಿದುಳಿನ ಕೋಶರೋಗ ಕಂಡುಬಂದಿತ್ತು. ಹುಳುವಿನ ಸೋಂಕಿದ್ದ ಮನೆಗೆಲಸದವರಿಂದ ಅದು ಹರಡಿರಬೇಕೆಂದು 1992ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಸೋಂಕಿದ್ದವರಿಗೂ ತಮ್ಮಲ್ಲಿ ಹುಳುವಿರುವುದು ತಿಳಿದಿರಲಿಲ್ಲ. ಇಂತಹ ಸಂದರ್ಭದಲ್ಲಿ ಯಾರನ್ನೂ ದೂಷಿಸದೆ ಪರೀಕ್ಷೆ ಮತ್ತು ಚಿಕಿತ್ಸೆಗೆ ನೆರವಾಗುವುದೇ ಸರಿಯಾದ ಮಾರ್ಗ.

ಲಕ್ಷಣಗಳು: ಕೋಶಗಳು ಚರ್ಮದಡಿಯಲ್ಲಿ, ಸ್ನಾಯುಗಳಲ್ಲಿ, ಕಣ್ಣಿನಲ್ಲಿ ಮತ್ತು ಮಿದುಳಿನಲ್ಲಿ ನೆಲೆಸುತ್ತವೆ. ಮಿದುಳಿನಲ್ಲಿ ಜೀವಂತ ಕೋಶವು ವರ್ಷಗಟ್ಟಲೆ ಯಾವುದೇ ಲಕ್ಷಣವಿಲ್ಲದೆ ಇರಬಹುದು. ಅದು ಸಾಯತೊಡಗಿದಾಗ ಸುತ್ತಲಿನ ಭಾಗದಲ್ಲಿ ಉರಿಯೂತವುಂಟಾಗಿ ಮೂರ್ಛೆ, ತೀವ್ರ ತಲೆನೋವು, ವಾಂತಿ, ದೃಷ್ಟಿದೋಷ ಮುಂತಾದವು ಕಾಣಿಸಿಕೊಳ್ಳುತ್ತವೆ. ಈ ಹುಳುವಿನ ಹಾವಳಿಯಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆ ರೋಗದ ಪ್ರಕರಣಗಳಲ್ಲಿ ಸುಮಾರು ಶೇ. 30ರಷ್ಟಕ್ಕೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಮೂರ್ಛೆ ಬರುವ ಮಗುವಿಗೆ ದೆವ್ವ ಮೆಟ್ಟಿದೆಯೆಂದು ಮಂತ್ರ, ತಾಯಿತಗಳಲ್ಲಿ ಕಾಲಹರಣ ಮಾಡುವುದು, ಮದುವೆಗೆ ತೊಡಕಾಗಬಹುದೆಂದು ಹೆಣ್ಣುಮಕ್ಕಳ ರೋಗವನ್ನು ಮುಚ್ಚಿಡುವುದು ಇಂದಿಗೂ ಕಂಡುಬರುತ್ತದೆ. ಕೋಶದಿಂದ ಬಂದ ಮೂರ್ಛೆಯು ಆನುವಂಶಿಕವಲ್ಲ, ಒಬ್ಬರ ಮೂರ್ಛೆಯನ್ನು ಮುಟ್ಟಿದವರಿಗೆ ತಗಲುವುದೂ ಅಲ್ಲ. ಬಹುಪಾಲು ರೋಗಿಗಳು ಚಿಕಿತ್ಸೆಯಿಂದ ಸಾಮಾನ್ಯ ಜೀವನ ನಡೆಸಬಲ್ಲರು.

ಪತ್ತೆ ಮತ್ತು ಚಿಕಿತ್ಸೆ: ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್‌ಗಳಿಂದ ರೋಗ ಪತ್ತೆಯಾಗುತ್ತದೆ. ಮೂರ್ಛೆ ತಡೆಯುವ ಔಷಧಿ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮತ್ತು ಆಲ್ಬೆಂಡಜೋಲ್, ಪ್ರಾಜಿಕ್ವಾಂಟೆಲ್‌ನಂತಹ ಔಷಧಿಗಳನ್ನು ತಜ್ಞರು ರೋಗಿಯ ಸ್ಥಿತಿಗೆ ತಕ್ಕಂತೆ ನೀಡುತ್ತಾರೆ. ಒಮ್ಮೆಲೇ ಅನೇಕ ಕೋಶಗಳು ಸತ್ತರೆ ಮಿದುಳಿನಲ್ಲಿ ಊತ ಹೆಚ್ಚಾಗಬಹುದು. ಕಣ್ಣಿನಲ್ಲಿ ಕೋಶವಿದ್ದರೆ ದೃಷ್ಟಿಗೆ ಹಾನಿಯಾಗಬಹುದು. ಆದಕಾರಣ ಮೂರ್ಛೆ ಇರುವವರು ಜಂತುಹುಳುವಿನ ಔಷಧಿಯನ್ನು ಅಂಗಡಿಯಿಂದ ತಾವಾಗಿಯೇ ಕೊಂಡು ಸೇವಿಸಬಾರದು. ವೈದ್ಯರು ಹೇಳದೆ ಮೂರ್ಛೆಯ ಮಾತ್ರೆಗಳನ್ನು ನಿಲ್ಲಿಸಲೂಬಾರದು. ಮನೆಯ ಒಬ್ಬರಲ್ಲಿ ಈ ರೋಗ ಪತ್ತೆಯಾದಲ್ಲಿ ಮನೆಯವರೆಲ್ಲರೂ ಮಲಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ. ಮೊಟ್ಟೆ ಹರಡುತ್ತಿರುವವರು ಆ ಮನೆಯಲ್ಲಿಯೇ ಇರಬಹುದು.

ಹಂದಿಗಳಲ್ಲಿ: ನಾಲಿಗೆ, ದವಡೆ, ಹೃದಯ ಮತ್ತು ತೊಡೆಯ ಸ್ನಾಯುಗಳಲ್ಲಿ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಉದ್ದದ, ಒಳಗೆ ಬಿಳಿ ಚುಕ್ಕೆಯಿರುವ ಪಾರಕ ಗುಳ್ಳೆಗಳು ಕಾಣುತ್ತವೆ. ಸೋಂಕು ಹೆಚ್ಚಾಗಿರುವ ಜೀವಂತ ಹಂದಿಯ ನಾಲಿಗೆಯ ಕೆಳಭಾಗವನ್ನು ಸವರಿ ನೋಡಿದಾಗ ಗಂಟುಗಳು ಕೈಗೆ ತಗಲುತ್ತವೆ. ಆಕ್ಸ್‌ಫೆಂಡಜೋಲ್ ಔಷಧಿಯಿಂದ ಹಂದಿಯ ಸ್ನಾಯುಗಳಲ್ಲಿನ ಕೋಶಗಳನ್ನು ನಾಶಪಡಿಸಬಹುದು. ಔಷಧಿ ನೀಡಿದ ನಂತರ ಪಶುವೈದ್ಯರು ಸೂಚಿಸಿದ ಅವಧಿಯವರೆಗೆ ಆ ಹಂದಿಯನ್ನು ಮಾಂಸಕ್ಕೆ ಬಳಸಬಾರದು. ಹಂದಿಗಳ ಕೋಶರೋಗಕ್ಕೆ ಲಸಿಕೆಯೂ ಇದೆ; ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯು ಇದನ್ನು ತಯಾರಿಸಿದೆ.

ಕುರಿಗಳ ಸುತ್ತುರೋಗ

ಹಿಂಡಿನಲ್ಲಿ ಒಂದು ಎಳೆಯ ಕುರಿ ಗುಂಪಿನಿಂದ ಹಿಂದುಳಿಯುವುದು, ತಲೆಯನ್ನು ಒಂದು ಕಡೆಗೆ ವಾಲಿಸಿ ಒಂದೇ ದಿಕ್ಕಿನಲ್ಲಿ ಸುತ್ತುವುದು, ಎದುರಿನ ಗೋಡೆ ಅಥವಾ ಬೇಲಿಗೆ ಹಾಯುವುದು, ಒಂದು ಕಣ್ಣು ಕಾಣದಂತಾಗುವುದು ಈ ರೋಗದ ಲಕ್ಷಣಗಳು. ಮಿದುಳಿನಲ್ಲಿ ಬೆಳೆದ ಕೋಶದ ಒತ್ತಡದಿಂದ ಕೆಲವೊಮ್ಮೆ ತಲೆಬುರುಡೆಯು ಒಂದೆಡೆ ಮೆತ್ತಗಾಗುತ್ತದೆ. ಕ್ರಮೇಣ ಕುರಿಯು ಮೇವು ಬಿಟ್ಟು ಸಾಯುತ್ತದೆ. ಕೋಶವಿರುವ ಸ್ಥಾನವನ್ನು ಗುರುತಿಸಲು ಸಾಧ್ಯವಾದಲ್ಲಿ ಪಶುವೈದ್ಯರು ಶಸ್ತ್ರಚಿಕಿತ್ಸೆಯಿಂದ ಅದನ್ನು ಹೊರತೆಗೆಯಬಲ್ಲರು. ಸುತ್ತುವ ಲಕ್ಷಣವು ಮಿದುಳಿನ ಇತರ ಸೋಂಕುಗಳಲ್ಲಿಯೂ ಇರುವುದರಿಂದ ಪರೀಕ್ಷೆಯಿಲ್ಲದೆ ತೀರ್ಮಾನಿಸಬಾರದು.

ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳಿಂದ ಮೇವು ಅರಸಿ ವಲಸೆ ಹೋಗುವ ಕುರಿಗಾಹಿಗಳು ಹಿಂಡಿನ ಕಾವಲಿಗೆ ನಾಯಿಗಳನ್ನು ಜೊತೆಯಲ್ಲಿ ಕರೆದೊಯ್ಯುತ್ತಾರೆ. ದಾರಿಯಲ್ಲಿ ಸತ್ತ ಕುರಿಯ ತಲೆ ಮತ್ತು ಒಳಾಂಗಗಳು ಆ ನಾಯಿಗಳಿಗೆ ಆಹಾರವಾದರೆ, ಹೊಲಗಳಲ್ಲಿ ಮಂದೆ ನಿಲ್ಲಿಸಿದೆಡೆಯಲ್ಲೆಲ್ಲ ಅವುಗಳ ಮಲದ ಮೂಲಕ ಮೊಟ್ಟೆಗಳು ಬೀಳುತ್ತವೆ. ಕುರಿಗೆ ಎಷ್ಟೇ ಔಷಧಿ ಕುಡಿಸಿದರೂ ನಾಯಿಗೆ ಔಷಧಿ ಕೊಡದಿದ್ದಲ್ಲಿ ರೋಗ ನಿಲ್ಲದು. ಹಿಂಡಿಗೆ ಜಂತುನಾಶಕ ನೀಡುವಾಗ ನಾಯಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.

ನಿಯಂತ್ರಣ ಕ್ರಮಗಳು

ಅ. ಪ್ರಾಣಿವಧೆ ಮತ್ತು ತ್ಯಾಜ್ಯ ವಿಲೇವಾರಿ

1. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ (ಕಸಾಯಿಖಾನೆ) ನಿಯಮಗಳು, 2001ರ ಪ್ರಕಾರ ಪುರಸಭಾ ವ್ಯಾಪ್ತಿಯಲ್ಲಿ ಮಾನ್ಯತೆ ಅಥವಾ ಪರವಾನಗಿ ಪಡೆದ ಕಸಾಯಿಖಾನೆಗಳಲ್ಲಿ ಮಾತ್ರ ಪ್ರಾಣಿವಧೆ ಮಾಡಬೇಕು. ಪಶುವೈದ್ಯರ ತಪಾಸಣೆಗೆ ಒಳಪಟ್ಟ ಮಾಂಸವನ್ನೇ ಕೊಳ್ಳುವುದು ಕ್ಷೇಮ.
2. ಕೋಶಗಳಿರುವ ಅಂಗಗಳನ್ನು ಯಾವುದೇ ಕಾರಣಕ್ಕೂ ನಾಯಿಗಳಿಗೆ ಹಾಕಬಾರದು. ಕೋಶವನ್ನು ಚಾಕುವಿನಿಂದ ಚುಚ್ಚಿ ನೋಡಬಾರದು.
3. ಅಂತಹ ಅಂಗಗಳನ್ನು ಸುಡಬೇಕು, ಅಥವಾ ನಾಯಿಗಳು ಬಗೆದು ತೆಗೆಯಲಾಗದಷ್ಟು ಆಳದ ಗುಂಡಿಯಲ್ಲಿ ಹೂಳಿ ಮೇಲೆ ಕಲ್ಲು ಮುಚ್ಚಬೇಕು. ಇವೆರಡೂ ಸಾಧ್ಯವಿಲ್ಲದಿದ್ದಲ್ಲಿ ಕನಿಷ್ಠ ಅರ್ಧ ಗಂಟೆ ಚೆನ್ನಾಗಿ ಕುದಿಸಿದರೆ ಕೋಶದೊಳಗಿನ ಮರಿತಲೆಗಳು ಸಾಯುತ್ತವೆ.
4. ಜಾತ್ರೆ, ಊರಹಬ್ಬ, ಬಕ್ರೀದ್ ಹಾಗೂ ಹರಕೆಯ ಸಂದರ್ಭಗಳಲ್ಲಿ ಒಂದೇ ದಿನ ಅನೇಕ ಪ್ರಾಣಿಗಳನ್ನು ಕೊಯ್ಯುವುದರಿಂದ ತ್ಯಾಜ್ಯದ ಗುಂಡಿಯನ್ನು ಮುಂಚಿತವಾಗಿಯೇ ತೋಡಿಸಿಡುವ ಬಗ್ಗೆ ಸ್ಥಳೀಯ ಸಂಸ್ಥೆಗಳು ಗಮನ ಹರಿಸಬೇಕು.

ಆ. ನಾಯಿಗಳ ನಿರ್ವಹಣೆ

1. ಸಾಕುನಾಯಿಗಳಿಗೆ ಪಶುವೈದ್ಯರ ಸಲಹೆಯಂತೆ ಪ್ರಾಜಿಕ್ವಾಂಟೆಲ್ ಔಷಧಿಯನ್ನು ನೀಡಬೇಕು. ಹುಳುಗಳು ಮೊಟ್ಟೆಯಿಡುವ ಮೊದಲೇ ನಾಶವಾಗಲು ಆರು ವಾರಗಳಿಗೊಮ್ಮೆ ನೀಡುವುದು ಉತ್ತಮ; ಕನಿಷ್ಠ ವರ್ಷಕ್ಕೆ ನಾಲ್ಕು ಬಾರಿಯಾದರೂ ನೀಡಬೇಕು. ಪಿಪರಜಿನ್‌ನಂತಹ ಜಂತುನಾಶಕಗಳು ಲಾಡಿಹುಳುವಿನ ಮೇಲೆ ಪರಿಣಾಮಕಾರಿಯಲ್ಲ.
2. ಈ ಔಷಧಿಯು ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನಲ್ಲ. ಔಷಧಿ ನೀಡಿದ ನಂತರ ಎರಡು ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸಂಗ್ರಹಿಸಿ ಸುಡಬೇಕು ಅಥವಾ ಆಳವಾಗಿ ಹೂಳಬೇಕು.
3. ನಾಯಿಗಳು ಕುಡಿಯುವ ನೀರಿನ ತೊಟ್ಟಿ, ಮೇವಿನ ಸಂಗ್ರಹ ಮತ್ತು ತರಕಾರಿ ಮಡಿಗಳ ಬಳಿ ಬಾರದಂತೆ ನೋಡಿಕೊಳ್ಳಬೇಕು. ಚಿಗಟಗಳ ನಿವಾರಣೆಯನ್ನೂ ಮಾಡಬೇಕು.

ಇ. ಹಂದಿ ಸಾಕಣೆ ಮತ್ತು ಹಂದಿಮಾಂಸ

1. ಹಂದಿಗಳನ್ನು ಬೀದಿಗೆ ಬಿಡದೆ ಕೊಟ್ಟಿಗೆಯಲ್ಲಿ ಸಾಕಬೇಕು. ಅವುಗಳಿಗೆ ಮಾನವ ಮಲದ ಸಂಪರ್ಕವಾಗದಂತೆ ಎಚ್ಚರ ವಹಿಸಬೇಕು.
2. ಮಾಂಸದ ತುಂಡುಗಳು ಒಳಭಾಗದಲ್ಲಿಯೂ ಕನಿಷ್ಠ 63 ಡಿಗ್ರಿ ಸೆಲ್ಸಿಯಸ್, ಕೈಮವು 71 ಡಿಗ್ರಿ ಸೆಲ್ಸಿಯಸ್ ಉಷ್ಣತೆ ತಲುಪುವಂತೆ ಬೇಯಿಸಬೇಕು. ಉಷ್ಣಮಾಪಕವಿಲ್ಲದಿದ್ದಲ್ಲಿ ಒಳಗಿನ ಕೆಂಪು ಬಣ್ಣ ಪೂರ್ತಿ ಹೋಗುವವರೆಗೆ ಬೇಯಿಸುವುದು ಸೂಕ್ತ. ಕೆಂಡದ ಮೇಲೆ ಸುಟ್ಟ ದಪ್ಪ ತುಂಡುಗಳ ಒಳಭಾಗ ಹಸಿಯಾಗಿ ಉಳಿಯುವ ಸಂಭವವಿದೆ.
3. ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಅಥವಾ ಮೈನಸ್ 24 ಡಿಗ್ರಿಯಲ್ಲಿ ಒಂದು ದಿನ ಇಟ್ಟ ಮಾಂಸದಲ್ಲಿನ ಕೋಶಗಳು ಸಾಯುತ್ತವೆ. ಉಪ್ಪು ಅಥವಾ ಮಸಾಲೆ ಸವರುವುದನ್ನು ನಂಬಬಾರದು.

ಈ. ವೈಯಕ್ತಿಕ ಮತ್ತು ಗೃಹ ನೈರ್ಮಲ್ಯ

1. ಪ್ರತಿಯೊಬ್ಬರೂ ಶೌಚಾಲಯವನ್ನೇ ಬಳಸಬೇಕು. ಶೌಚದ ನಂತರ, ಅಡುಗೆ ಮತ್ತು ಊಟಕ್ಕೆ ಮುನ್ನ, ನಾಯಿಯನ್ನು ಅಥವಾ ಮಣ್ಣನ್ನು ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಉಗುರುಗಳನ್ನು ಕತ್ತರಿಸಿಕೊಳ್ಳಬೇಕು.
2. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಗಜ್ಜರಿ, ಸೌತೆಕಾಯಿ ಮುಂತಾದವನ್ನು ಹರಿಯುವ ನೀರಿನಲ್ಲಿ ಹಲವು ಬಾರಿ ತೊಳೆಯಬೇಕು; ಸಾಧ್ಯವಿದ್ದಲ್ಲಿ ಸಿಪ್ಪೆ ತೆಗೆಯಬೇಕು. ಕುಡಿಯುವ ನೀರನ್ನು ಕುದಿಸಬೇಕು.
3. ನಾಯಿಯು ಮಕ್ಕಳ ಮುಖ ನೆಕ್ಕದಂತೆ, ಮನೆಯವರ ತಟ್ಟೆಯಲ್ಲಿ ತಿನ್ನದಂತೆ ನೋಡಿಕೊಳ್ಳಬೇಕು.
4. ಮಲದಲ್ಲಿ ಬಿಳಿಯ ಚಪ್ಪಟೆ ತುಂಡುಗಳು ಕಂಡಲ್ಲಿ ಸಂಕೋಚಪಡದೆ ವೈದ್ಯರನ್ನು ಕಾಣಬೇಕು.

ಇತರ ದೇಶಗಳ ಅನುಭವ

19ನೇ ಶತಮಾನದ ಮಧ್ಯಭಾಗದಲ್ಲಿ ಐಸ್‌ಲ್ಯಾಂಡ್ ದೇಶವು ಹೈಡಾಟಿಡ್ ರೋಗದಿಂದ ತೀವ್ರವಾಗಿ ಪೀಡಿತವಾಗಿತ್ತು. 1863ರಲ್ಲಿ ಅಲ್ಲಿಗೆ ಭೇಟಿ ನೀಡಿದ ಡೆನ್ಮಾರ್ಕಿನ ವಿಜ್ಞಾನಿ ಹೆರಾಲ್ಡ್ ಕ್ರಾಬ್ಬೆ ಅವರು ನೂರು ನಾಯಿಗಳನ್ನು ಪರೀಕ್ಷಿಸಿದಾಗ 28 ನಾಯಿಗಳಲ್ಲಿ ಈ ಹುಳುಗಳಿದ್ದವು. ರೋಗ ಹರಡುವ ಬಗೆಯನ್ನು ಸರಳವಾಗಿ ವಿವರಿಸಿ ಅವರು ಬರೆದ ಕಿರುಪುಸ್ತಿಕೆಯನ್ನು 1864ರಲ್ಲಿ ಮುದ್ರಿಸಿ ಮನೆಗಳಿಗೆ ಉಚಿತವಾಗಿ ಹಂಚಲಾಯಿತು. 1869 ಮತ್ತು 1890ರಲ್ಲಿ ನಾಯಿಗಳ ನಿಯಂತ್ರಣ, ಅವುಗಳಿಗೆ ಔಷಧಿ ಹಾಗೂ ಕೋಶಗಳ ನಾಶಕ್ಕೆ ಸಂಬಂಧಿಸಿದ ಕಾಯಿದೆಗಳು ಬಂದವು. ಪರಿಣಾಮಕಾರಿ ಔಷಧಿಗಳು ಇನ್ನೂ ಇಲ್ಲದ ಆ ಕಾಲದಲ್ಲಿಯೇ, ಕುರಿಯ ಒಳಾಂಗಗಳು ನಾಯಿಯ ಬಾಯಿಗೆ ಸಿಗದಂತೆ ಜನರೇ ನೋಡಿಕೊಂಡ ಕಾರಣ ರೋಗವು ಮುಂದಿನ ತಲೆಮಾರುಗಳಲ್ಲಿ ಕ್ಷೀಣಿಸಿ ಕೊನೆಗೆ ಆ ದೇಶದಿಂದ ಇಲ್ಲವಾಯಿತು. ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯವು 1996ರಲ್ಲಿ, ನ್ಯೂಜಿಲೆಂಡ್ 2002ರಲ್ಲಿ ತಾತ್ಕಾಲಿಕವಾಗಿ ರೋಗಮುಕ್ತವೆಂದು ಘೋಷಿಸಿಕೊಂಡವು. ಕುರಿಗಳಿಗೆ ಹೈಡಾಟಿಡ್ ವಿರುದ್ಧದ ಲಸಿಕೆಯನ್ನು ಚೀನಾ ಮತ್ತು ಅರ್ಜೆಂಟೀನಾಗಳಲ್ಲಿ ತಯಾರಿಸಲಾಗುತ್ತಿದೆ. ಯಜಮಾನರಿಲ್ಲದ ಬೀದಿನಾಯಿಗಳು ಹೆಚ್ಚಾಗಿರುವ ಭಾರತದಲ್ಲಿ ಪ್ರತಿ ನಾಯಿಗೂ ಔಷಧಿ ನೀಡುವುದು ಕಷ್ಟಸಾಧ್ಯ. ಆದ್ದರಿಂದ ತ್ಯಾಜ್ಯ ವಿಲೇವಾರಿಯ ಮಹತ್ವ ಇಲ್ಲಿ ಇನ್ನೂ ಹೆಚ್ಚು.

ಸೇವೆಗಳನ್ನು ಪಡೆಯುವ ಬಗೆ

1. ಜಾನುವಾರು ಮತ್ತು ನಾಯಿಗಳ ತಪಾಸಣೆ, ಜಂತುನಾಶಕ ಔಷಧಿಯ ಸಲಹೆಗಾಗಿ ಹತ್ತಿರದ ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯ ಅಥವಾ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರವನ್ನು ಸಂಪರ್ಕಿಸಬಹುದು. ಸಂಚಾರಿ ಪಶು ಚಿಕಿತ್ಸಾ ಘಟಕದ ಸೇವೆಗೆ 1962 ಸಂಖ್ಯೆಗೆ ಕರೆ ಮಾಡಬಹುದು.
2. ಸಗಣಿ, ಹಿಕ್ಕೆ ಅಥವಾ ನಾಯಿಯ ಮಲದ ಪರೀಕ್ಷೆಗೆ ತಾಜಾ ಮಾದರಿಯನ್ನು ಸ್ವಚ್ಛವಾದ, ಮುಚ್ಚಳವಿರುವ ಡಬ್ಬಿಯಲ್ಲಿ ತರಬೇಕು. ಡಬ್ಬಿಯ ಮೇಲೆ ಪ್ರಾಣಿಯ ವಿವರ, ಮಾಲೀಕರ ಹೆಸರು, ಗ್ರಾಮ ಮತ್ತು ದಿನಾಂಕವನ್ನು ಬರೆದಿರಬೇಕು. ಮಾದರಿಯನ್ನು ಬರಿಗೈಯಿಂದ ಮುಟ್ಟಬಾರದು.
3. ಹಿಂಡಿನಲ್ಲಿ ಕುರಿಗಳು ಸತ್ತಲ್ಲಿ ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ರೋಗನಿರ್ಣಯಕ್ಕೂ ಪರಿಹಾರ ಕೋರುವ ಸಂದರ್ಭಗಳಿಗೂ ಇದು ನೆರವಾಗುತ್ತದೆ. ಪರೀಕ್ಷೆಯ ನಂತರ ಕಳೇಬರವನ್ನು ನಾಯಿಗಳಿಗೆ ಸಿಗದಂತೆ ವಿಲೇವಾರಿ ಮಾಡುವುದು ಮಾಲೀಕರ ಹೊಣೆ.
4. ಮನುಷ್ಯರಲ್ಲಿ ರೋಗಲಕ್ಷಣಗಳಿದ್ದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಮೊದಲು ಸಂಪರ್ಕಿಸಬೇಕು. ಅಗತ್ಯವಿದ್ದಲ್ಲಿ ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂತಹ ನರರೋಗ ಚಿಕಿತ್ಸಾ ಸಂಸ್ಥೆಗೆ ಕಳುಹಿಸಲಾಗುವುದು. ಹಿಂದಿನ ಸ್ಕ್ಯಾನ್ ಮತ್ತು ಚಿಕಿತ್ಸೆಯ ದಾಖಲೆಗಳನ್ನು ಜೊತೆಯಲ್ಲಿ ಕೊಂಡೊಯ್ಯಬೇಕು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೋಶ ಕಂಡುಬಂದ ಕುರಿಯ ಉಳಿದ ಮಾಂಸವನ್ನು ತಿನ್ನಬಹುದೇ?
ಉತ್ತರ: ಹೈಡಾಟಿಡ್ ಕೋಶವಿರುವ ಅಂಗವನ್ನು ಪೂರ್ತಿಯಾಗಿ ನಾಶಪಡಿಸಬೇಕು. ಉಳಿದ ಮಾಂಸದ ಬಗ್ಗೆ ತಪಾಸಣೆ ಮಾಡುವ ಪಶುವೈದ್ಯರ ತೀರ್ಮಾನವೇ ಅಂತಿಮ.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳಿಗೆ ನೀಡುವ ಜಂತುಹುಳುವಿನ ಮಾತ್ರೆ ಸಾಲದೇ?
ಉತ್ತರ: 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ನೀಡುವ ಆಲ್ಬೆಂಡಜೋಲ್ ಮಾತ್ರೆಯು ಮುಖ್ಯವಾಗಿ ಮಣ್ಣಿನ ಮೂಲಕ ಹರಡುವ ಜಂತುಗಳಿಗಾಗಿ. ಅದನ್ನು ತಪ್ಪದೆ ಕೊಡಿಸಬೇಕು. ಆದರೆ ಒಂದು ಮಾತ್ರೆಯು ಲಾಡಿಹುಳು ಅಥವಾ ಕೋಶರೋಗಕ್ಕೆ ಚಿಕಿತ್ಸೆಯಾಗದು. ಮೂರ್ಛೆ ಇರುವ ಮಗುವಿನ ವಿಷಯವನ್ನು ಮಾತ್ರೆ ನೀಡುವ ಮೊದಲೇ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು.

ಪ್ರಶ್ನೆ: ಹೈಡಾಟಿಡ್ ರೋಗಿಯಿಂದ ಮನೆಯವರಿಗೆ ರೋಗ ಹರಡುವುದೇ?
ಉತ್ತರ: ಇಲ್ಲ. ರೋಗಿಯ ದೇಹದಲ್ಲಿ ಕೋಶ ಮಾತ್ರ ಇರುತ್ತದೆ, ಮೊಟ್ಟೆಯಿಡುವ ಹುಳು ಇರುವುದಿಲ್ಲ. ಆದರೆ ರೋಗಿಗೆ ಸೋಂಕು ತಗುಲಿದ ಪರಿಸರದಲ್ಲಿಯೇ ಮನೆಯವರೂ ಇರುವುದರಿಂದ ಅವರೂ ಒಮ್ಮೆ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಈ ರೋಗದ ಭಯದಿಂದ ನಾಯಿ ಸಾಕುವುದನ್ನು ಬಿಡಬೇಕೇ?
ಉತ್ತರ: ಅಗತ್ಯವಿಲ್ಲ. ಬೇಯಿಸಿದ ಆಹಾರವನ್ನು ಮಾತ್ರ ತಿನ್ನುವ, ಕಾಲಕಾಲಕ್ಕೆ ಔಷಧಿ ಪಡೆಯುವ, ಬೀದಿಯಲ್ಲಿ ಸತ್ತ ಪ್ರಾಣಿಗಳ ಅವಶೇಷಗಳನ್ನು ತಿನ್ನಲು ಅವಕಾಶವಿಲ್ಲದ ನಾಯಿಯಿಂದ ಈ ರೋಗ ಬರುವ ಸಾಧ್ಯತೆ ತೀರಾ ಕಡಿಮೆ. ನಾಯಿಗೆ ಹುಳು ತಾನಾಗಿ ಬರುವುದಿಲ್ಲ. ಮನುಷ್ಯರು ಎಸೆದದ್ದನ್ನು ಅಥವಾ ಹೂಳದೆ ಬಿಟ್ಟದ್ದನ್ನು ತಿನ್ನುವುದರಿಂದಲೇ ಬರುತ್ತದೆ.